ತಲೆ ಮೇಲೆ ಫೆಂಡರ್, ಒಳಗೆ ಯಾರೋ!

ಸಿನಿಮಾದಲ್ಲಿ ಗಿಟಾರ್ ಹಿಡಿದು ಕುಣಿಯುವವನೊಬ್ಬ, ರೆಕಾರ್ಡಿಂಗ್ ಥಿಯೇಟರಿನಲ್ಲಿ ಕೂತು ಬಾರಿಸುವವನು ಇನ್ನೊಬ್ಬ. 1980ರ 'ಕರ್ಜ್'ನಲ್ಲಿ ರಿಷಿ ಕಪೂರ್ ಗಿಟಾರ್ ಹಿಡಿದಾಗ ನಾನೂ ಸೀಟಿ ಹೊಡೆದವನೇ. ಇಳಯರಾಜ ದೊಡ್ಡ ಹೆಸರಾಗುವ ಮೊದಲು ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದರು, ಗಿಟಾರ್ ನುಡಿಸುತ್ತಿದ್ದರು. ಆಗ ಅವರ ಮುಖ ಕಂಡವರು ಯಾರು? ಇದನ್ನು ಯಾರೂ ಮೋಸ ಅನ್ನುವುದಿಲ್ಲ. ಆದರೆ ಗಿಟಾರಿನ ತಲೆ ಮೇಲೆ ಒಂದು ಹೆಸರು, ಒಳಗೆ ಇನ್ಯಾರದೋ ಮಾಲು! ಅದಕ್ಕೇನಂತೀರಿ?

ಈ ಮಾತು ಬಂದದ್ದು ನನ್ನ ಅಕ್ಕನ ಮಗನಿಂದ. ಬೈಲಹೊಂಗಲದ ಹುಡುಗ, ಗಣಪತಿ ಹಬ್ಬದ ಆರ್ಕೆಸ್ಟ್ರಾದಲ್ಲಿ ಬಾರಿಸುತ್ತಾನೆ. ಹೋದ ತಿಂಗಳು ಮುಂಜಾನೆ ಫೋನು.

"ಮಾಮಾ, ಕಿತ್ತೂರಿಗೆ ಒಬ್ಬಾಂವ ಫೆಂಡರ್ ತಂದಾನ. 1978ರದ್ದಂತ, ಅಮೇರಿಕಾದ್ದಂತ. ಗೋವಾದಾಗ ಫಾರಿನ್ನವರು ಮಾರಿ ಹೋದದ್ದಂತ. 40 ಸಾವಿರಕ್ಕ ಕೊಡ್ತಾನಂತ!"

ಒಂದೇ ಉಸಿರಿಗೆ ನಾಲ್ಕು 'ಅಂತ'. ರೊಕ್ಕ ಎಲ್ಲಿಂದಲೋ ಅಂದೆ. ಅವ್ವ ಹತ್ತಿ ಮಾರಿ ತಂಗಿಯ ಕಾಲೇಜಿಗೆ ಅಂತ ತೆಗೆದಿಟ್ಟದ್ದು! ಅಕ್ಟೋಬರ್ 23ಕ್ಕೆ ಶುರುವಾಗುವ ಕಿತ್ತೂರು ಉತ್ಸವದ ಸ್ಟೇಜಿನ ಮೇಲೆ ಒಮ್ಮೆ ಫೆಂಡರ್ ಹಿಡಿದು ನಿಲ್ಲಬೇಕಂತೆ.

ಗೋವಾದ ಕಥೆ ನಂಬುವಂಥದ್ದೇ. ಅಂಜುನಾದ ಬುಧವಾರದ ಸಂತೆಯಲ್ಲಿ ವಿದೇಶಿಯರು ತಮ್ಮ ಸಾಮಾನು ಮಾರಿದ್ದುಂಟು. ಅಲ್ಲಿಂದ ಘಟ್ಟ ಹತ್ತಿದರೆ ನಮ್ಮ ಬೆಳಗಾವಿ ಸೀಮೆ. ನಂಬುವಂತಿದೆ ಅಂತಲೇ ಎಲ್ಲರೂ ಅದನ್ನೇ ಹೇಳುತ್ತಾರೆ.

ನಾನೂ ಟೋಪಿ ಹಾಕಿಸಿಕೊಂಡವನೇ. 1986ರಲ್ಲಿ ಹುಬ್ಬಳ್ಳಿಯಲ್ಲಿ ಒಬ್ಬನಿಂದ 'ಗಿಬ್ಸನ್' ಕೊಂಡು ವರ್ಷವಿಡೀ ಮೆರೆದೆ. ಫ್ರೆಟ್ ತಿಕ್ಕಿಸಲು ಮಿರಜಕ್ಕೆ ಒಯ್ದೆ. ಸಿತಾರ, ತಂಬೂರಿ ಮಾಡುವವರ ಊರು ಅದು; ಆ ವಾದ್ಯಗಳಿಗೆ 2024ರಲ್ಲಿ ಜಿಐ ಮಾನ್ಯತೆಯೂ ಬಂತು. ಅಲ್ಲಿಯ ಮುದುಕ ನನ್ನ ಗಿಟಾರನ್ನು ಬಿಸಿಲಿಗೆ ಓರೆ ಹಿಡಿದು ನಕ್ಕ. ತಲೆಯ ಮೇಲಿದ್ದ ಇಂಗ್ಲಿಷಿನ 'ವಿ' ಅಕ್ಷರ ಕೆರೆದು 'ಬಿ' ಬರೆದಿದ್ದರು! ಗಿವ್ಸನ್ ಅಂದರೆ ಕೋಲ್ಕತ್ತದ ಬೇರೆಯೇ ಕಂಪನಿ, ತನ್ನ ಹೆಸರಿನಲ್ಲೇ ಮಾರುತ್ತದೆ, ಎಷ್ಟೋ ಆರ್ಕೆಸ್ಟ್ರಾ ಹುಡುಗರು ಅದರ ಮೇಲೇ ಕಲಿತರು. ಕಳ್ಳತನ ಮಾಡಿದ್ದು ಆ ಒಂದಕ್ಷರ ತಿದ್ದಿದ ಕೈ.

ಸರಿ, ಕಿತ್ತೂರಿಗೆ ಹೋದೆ. ಚೀಲದಲ್ಲಿ ಟೇಪು, ಸ್ಕ್ರೂಡ್ರೈವರ್, ರೇಡಿಯೋ ರಿಪೇರಿ ಗೆಳೆಯನ ಮಲ್ಟಿಮೀಟರ್. ಬಸ್ ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ ಮಾಲು ಬಿಚ್ಚಿದ. ಹೊಳಪು ನೋಡಿ ಹುಡುಗನ ಕಣ್ಣು ಅದಕ್ಕಿಂತ ಹೊಳೆಯಿತು.

ನಾನು ಮೊದಲು ಬೆನ್ನು ತಿರುಗಿಸಿದೆ. 1970ರ ದಶಕದ ಬಹುಪಾಲು ಫೆಂಡರ್ ಸ್ಟ್ರಾಟೋಕಾಸ್ಟರಿನಲ್ಲಿ ಕುತ್ತಿಗೆಯನ್ನು ಒಡಲಿಗೆ ಬಿಗಿಯಲು ಮೂರು ಬೋಲ್ಟ್, ತಲೆಯೂ ದೊಡ್ಡದು. ಇವನ '1978'ಕ್ಕೆ ನಾಲ್ಕು ಬೋಲ್ಟ್, ತಲೆ ಸಣ್ಣದು! ಸುಮ್ಮನಿದ್ದೆ.

ಟೇಪು ಹಿಡಿದೆ. ಮೇಲಿನ ನಟ್ಟಿನಿಂದ ಬ್ರಿಜ್ಜಿನವರೆಗೆ ಈ ಫೆಂಡರಿಗೆ 25½ ಅಂಗುಲ, ಗಿಬ್ಸನ್ ಲೆಸ್ ಪಾಲ್‌ಗೆ ಸುಮಾರು 24¾. 12ನೇ ಫ್ರೆಟ್ ಅದರ ನಟ್ಟನಡುವೆ. ಇಲ್ಲಿ ಲೆಕ್ಕ ಸರಿಹೋಯಿತು. ಬೇರೆ ಗಿಟಾರಿನ ಕುತ್ತಿಗೆ ತಂದು ಕೂಡಿಸಿದ್ದರೆ ಇಲ್ಲಿಯೇ ಸಿಕ್ಕಿಬೀಳುತ್ತಿತ್ತು. ಟೇಪು ಇಲ್ಲದವರು 12ನೇ ಫ್ರೆಟ್ಟಿನ ಮೇಲೆ ತಂತಿಯನ್ನು ಬರೀ ಮುಟ್ಟಿ ಮೀಟಿ, ಆಮೇಲೆ ಒತ್ತಿ ಮೀಟಿ. ಎರಡೂ ಒಂದೇ ಸ್ವರ ಆಗಬೇಕು. ಬ್ರಿಜ್ಜಿನ ಸ್ಕ್ರೂ ತಿರುಗಿಸಿದರೂ ಕೂಡದಿದ್ದರೆ ಎದ್ದು ಬನ್ನಿ.

"ಮ್ಯಾಲಿನ ಪ್ಲೇಟ್ ಬಿಚ್ಚಿ ನೋಡ್ಲೇನ್ರೀ?"

"ಬಿಚ್ಚಿದ್ರ ಕಿಮ್ಮತ್ತು ಹೋಗತೈತ್ರಿ ಅಣ್ಣಾರ."

ಯಾರ ಕಿಮ್ಮತ್ತೋ! ಇನ್ನೊಂದು ಚಹಾ ಕುಡಿಸಿ ಒಪ್ಪಿಸಿದೆ. ಒಳಗೆ ವಾಲ್ಯೂಮ್, ಟೋನ್ ಪಾಟುಗಳು. ಹಳೆಯ ಅಮೆರಿಕನ್ ಪಾಟಿನ ಮೈಮೇಲೆ ಅಂಕಿ ಒತ್ತಿರುತ್ತಾರೆ. 1377820 ಅಂತಿದ್ದರೆ 137 ಅಂದರೆ ಸಿಟಿಎಸ್ ಕಂಪನಿ, 78 ಅಂದರೆ ವರ್ಷ, 20 ಅಂದರೆ ಆ ವರ್ಷದ 20ನೇ ವಾರ. ಇವನದರಲ್ಲಿ ಅಂಕಿಯೇ ಇಲ್ಲ, ಅಂಗಿ ಗುಂಡಿಯಂಥ ಸಣ್ಣ ಹೊಸ ಪಾಟು. ಇದೊಂದನ್ನೇ ನೋಡಿ ನಕಲಿ ಅನ್ನಬೇಡಿ, ರಿಪೇರಿಯಲ್ಲಿ ಬದಲಿಸಿರಬಹುದು. ಬೋಲ್ಟು, ತಲೆ, ಪಾಟು ಮೂರೂ ಒಂದೇ ಸಾಕ್ಷಿ ಹೇಳಿದಾಗ ಮಾತ್ರ ಅನುಮಾನಕ್ಕೆ ಜಾಗವಿಲ್ಲ.

ಆದರೆ ಮೀಟರ್ ಬೇರೆ ಕಥೆ ಹೇಳಿತು. ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ತಿರುಗಿಸಿ, ಪಿಕಪ್ ಒಂದೊಂದಾಗಿ ಅಳೆದೆ. ಇಂಥ ಸಿಂಗಲ್ ಕಾಯಿಲ್ ಪಿಕಪ್ಪಿಗೆ 5ರಿಂದ 7 ಸಾವಿರ ಓಮ್ ಆಸುಪಾಸು ಬರಬೇಕು. ಒಳಗಿನ ತಂತಿ ಕಡಿದಿದ್ದರೆ ಮುಳ್ಳು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಮೂರೂ ಜೀವಂತ! ಒಂದು ಕಣ್ಣು ಮುಚ್ಚಿ ಕುತ್ತಿಗೆಯ ಉದ್ದಕ್ಕೂ ನೋಡಿದೆ, ಬಾಗಿಲ್ಲ, ತಿರುಚಿಲ್ಲ.

(ಗಿಬ್ಸನ್ ಹುಡುಕುವವರಿಗೆ ಇಷ್ಟೇ: ಅದರ ತಲೆ ಹಿಂದಕ್ಕೆ ಬಾಗಿರುವುದರಿಂದ ಬಿದ್ದರೆ ಮುರಿಯುವುದು ಅಲ್ಲಿಯೇ. ಅಂಟಿಸಿ ಪಾಲಿಶ್ ಹೊಡೆದಿರುತ್ತಾರೆ, ಉಗುರಿನಿಂದ ಸವರಿ ನೋಡಿ. ತಲೆ ಮೇಲಿನ ಗಂಟೆಯಾಕಾರದ ಮುಚ್ಚಳಕ್ಕೆ ಎರಡು ಸ್ಕ್ರೂ. ನಕಲಿಗೆ ಬಹಳ ಸಲ ಮೂರು.)

"ಫೆಂಡರ್ ಅಲ್ರೀ ಇದು," ಅಂದೆ. "ಆದ್ರ ಗಿಟಾರ್ ಛಲೋ ಐತಿ. 8 ಸಾವಿರ ಕೊಡ್ತೀನಿ."

ಅವನು ಹಾರಾಡಿದ. ಪಾಟು ತೋರಿಸಿ ವರ್ಷ ಓದು ಅಂದೆ, ತಣ್ಣಗಾದ. 9 ಸಾವಿರಕ್ಕೆ ಮುಗಿಯಿತು. ಅಳಿಯನ ಮುಖ ಮಾತ್ರ ಬಾಡಿತ್ತು. "ಹೆಸರಿಲ್ಲದ್ದು ಹಿಡದ್ರ ಸ್ಟೇಜ್ ಮ್ಯಾಲ ಯಾರು ನೋಡ್ತಾರ ಮಾಮಾ?" ಮಿರಜದಿಂದ ವಾಪಸು ಬರುವಾಗ ನನಗೂ ಹಾಗೇ ಅನಿಸಿತ್ತು, ಅದಕ್ಕೇ ಬೈಯಲಿಲ್ಲ. ಬಸ್ಸಿನಲ್ಲಿ ಕೂತು ಉಗುರು ಹಾಕಿ ಆ ಸ್ಟಿಕ್ಕರನ್ನು ತಾನೇ ಕಿತ್ತ. ಉಳಿದ 31 ಸಾವಿರ ನಮ್ಮಕ್ಕನ ಕೈಗೆ ಎಣಿಸಿ ಕೊಟ್ಟೆವು.

ಮೂರು ದಿನ ಅವನು ನನ್ನ ಫೋನು ಎತ್ತಲಿಲ್ಲ. ನಾಲ್ಕನೇ ದಿನ ತಾನೇ ಮಾಡಿದ. ಮಾತಿಲ್ಲ, ಫೋನನ್ನು ಆಂಪ್ಲಿಫೈಯರ್ ಮುಂದೆ ಇಟ್ಟು 'ಕರ್ಜ್'ನ ಆ ಟ್ಯೂನ್ ಬಾರಿಸಿದ. ಎರಡು ಕಡೆ ತಪ್ಪಿದ. ಆಂಪ್ಲಿಫೈಯರ್ ಅಂತೂ ಗೊರ್ ಅನ್ನುತ್ತಿತ್ತು. ಅದರ ವಿಚಾರ ಮುಂದಿನ ವಾರ.