50 ಗ್ರಾಂ ಒಣ ಕಸದ ಲೆಕ್ಕ: ಒದ್ದೆಯಾದರೆ ಗುಜರಿಯವರೂ ಮುಟ್ಟಲ್ಲ

ಭಟ್ಕಳ/ಹೊನ್ನಾವರ/ಕುಮಟಾ: ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ, ಎಣ್ಣೆ ಬಾಟಲಿ ಬೇರೆ ಚೀಲಕ್ಕೆ ಹಾಕಿ ಇಟ್ಟರೆ ಪರಿಸರ ಉಳಿದುಬಿಡ್ತದಾ ಅಂತ ಕೇಳುವವರೇ ಜಾಸ್ತಿ. ಪ್ರಶ್ನೆ ತಪ್ಪಲ್ಲ. ಆದರೆ ಒಂದು ಲೆಕ್ಕ ನೋಡಿ. ಒಂದು ಮನೆಯವರು ದಿನಕ್ಕೆ ಈಗಿನದಕ್ಕಿಂತ ಬರೀ 50 ಗ್ರಾಂ ಹೆಚ್ಚು ಒಣ ಕಸ ಬೇರೆ ಮಾಡಿದರು ಅಂದುಕೊಳ್ಳಿ. 5,000 ಮನೆ ಸೇರಿದರೆ ದಿನಕ್ಕೆ 250 ಕೆ.ಜಿ., ವರ್ಷಕ್ಕೆ 90 ಟನ್ ದಾಟುತ್ತದೆ. ಅಷ್ಟೂ ಕಸ ಡಂಪಿಂಗ್ ಯಾರ್ಡಿಗೆ ಹೋಗುವುದು ತಪ್ಪುತ್ತದೆ.

ಆದರೆ ಒಣ ಕಸ ಒಣಗಿಯೇ ಇರಬೇಕು. ಮೀನು ತೊಳೆದ ನೀರು, ಉಳಿದ ಸಾರು ತಾಗಿದ ರಟ್ಟನ್ನು ಗುಜರಿಯವರು ಮುಟ್ಟಲ್ಲ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೇಟಿನ ಹೊರಗಿಟ್ಟ ಚೀಲ ಒಂದೇ ಮಳೆಗೆ ಮುದ್ದೆಯಾಗುತ್ತದೆ. ಅಡುಗೆಮನೆ ಪಕ್ಕ ಒಂದು ಗೋಣಿಚೀಲ ನೇತುಹಾಕಿಟ್ಟರೆ ಅರ್ಧ ಕೆಲಸ ಮುಗೀತು.

ಇನ್ನೊಂದು ಲಾಭ ಹಸಿ ಕಸದಲ್ಲಿದೆ. ಪ್ಲಾಸ್ಟಿಕ್ ಸೇರದಿದ್ದರೆ ಅದು ತೆಂಗಿನ ಬುಡಕ್ಕೆ ಗೊಬ್ಬರ. ಸೇರಿ ರಾಶಿಯೊಳಗೆ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಬಿಡುತ್ತದೆ, ಕಪ್ಪು ನೀರು ಇಳಿಯುತ್ತದೆ. ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಇಂಗುವುದರಿಂದ ಅದು ಹತ್ತಿರದ ಬಾವಿಗೆ ಸೇರುವ ಭಯ ಹೆಚ್ಚು. ಬಾವಿ ನೀರನ್ನೇ ಕುಡಿಯುವ ಮನೆಗಳು ಮೂರೂ ತಾಲೂಕಿನಲ್ಲಿವೆ.

ಗಟಾರಕ್ಕೆ ಬಿದ್ದದ್ದು ಹೊಳೆ, ಹೊಳೆಯಿಂದ ಸಮುದ್ರ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಬಳಚು ತೆಗೆದು ಬದುಕುವ ಕುಟುಂಬಗಳಿವೆ. ಶರಾವತಿ ಅಳಿವೆಯ ಪಕ್ಕದ ಕಾಸರಕೋಡ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ತೀರವನ್ನು ಎಷ್ಟು ಗುಡಿಸಿದರೂ ಪೇಟೆಯ ಗಟಾರ ನಿಲ್ಲದಿದ್ದರೆ ಆ ಕೆಲಸ ಮುಗಿಯೋದಲ್ಲ.

ಅಂಗಡಿಕಾರರ ವಿಷಯ ಬೇರೆ. ಅವರ ರಟ್ಟಿನ ಪೆಟ್ಟಿಗೆ ಮೊದಲಿಂದಲೂ ಗುಜರಿಗೆ ಹೋಗುತ್ತಿದೆ, ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ತೊಂದರೆ ಇರುವುದು ಚಿಪ್ಸ್, ಗುಟ್ಕಾ ಪೊಟ್ಟಣಗಳಲ್ಲಿ. ಪದರ ಪದರವಾಗಿ ಅಂಟಿಸಿದ ಇವು ಸಿಮೆಂಟ್ ಕಾರ್ಖಾನೆಯ ಒಲೆಗೆ ಹೋಗಬಹುದು, ಗುಜರಿಗಲ್ಲ. 120 ಮೈಕ್ರಾನ್‌ಗಿಂತ ತೆಳುವಾದ ಕೈಚೀಲಕ್ಕೆ 2022ರ ಡಿಸೆಂಬರ್ 31ರಿಂದ ನಿಷೇಧವಿದೆ, ದಂಡ ಕಟ್ಟುವವರು ಅಂಗಡಿಯವರು. ಪೊಟ್ಟಣ ವಾಪಸ್ ಪಡೆಯುವ ಹೊಣೆ ತಯಾರಿಸಿದ ಕಂಪನಿಯದ್ದು ಅಂತ 2016ರ ನಿಯಮವೇ ಹೇಳುತ್ತದೆ. ಆ ಕಂಪನಿಯವರು ಪೇಟೆಗೆ ಬಂದು ಪೊಟ್ಟಣ ಕೇಳಿದ್ದನ್ನು ಕಂಡವರುಂಟಾ?

ಒಂದು ಊರಿನ ಒಣ ಕಸ ಕಡಿಮೆ ಆಯಿತು ಅಂದರೆ ಹಲವು ಊರಿನದ್ದು ಒಟ್ಟುಗೂಡಿಸಬಹುದು. ಉಡುಪಿ ಜಿಲ್ಲೆಯ ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಹಾಗೇ ಮಾಡಿದ್ದಾರೆ. ಹಲವು ಗ್ರಾಮ ಪಂಚಾಯತಿಗಳ ಒಣ ಕಸ ಒಂದೇ ಘಟಕಕ್ಕೆ ಬಂದು, ಬಗೆಬಗೆಯಾಗಿ ವಿಂಗಡಣೆಯಾಗಿ ಮಾರಾಟವಾಗುತ್ತದೆ. ಮನೆಯಲ್ಲೇ ಬೇರೆಯಾಗಿ ಬಂದ ಕಸವಿದ್ದರೆ ಮಾತ್ರ ಇಂಥ ಘಟಕ ನಡೆಯೋದು.

ಜನರ ಹುಮ್ಮಸ್ಸು ಮುರಿಯುವುದು ಗಾಡಿಯ ಹತ್ತಿರ. ಎರಡು ಚೀಲ ಕೊಟ್ಟರೂ ಒಂದೇ ಕಡೆ ಸುರಿದುಬಿಟ್ಟರೆ ಮರುದಿನ ಆ ಮನೆಯಿಂದ ಒಂದೇ ಚೀಲ ಬರುತ್ತದೆ. ಗಾಡಿಯಲ್ಲಿ ಎರಡು ಭಾಗ ಇದೆಯಾ, ಮಳೆಗಾಲಕ್ಕೆ ತಾಡಪಾಲು ಇದೆಯಾ ಅಂತ ವಾರ್ಡ್ ಸದಸ್ಯರನ್ನು ಕೇಳಲು ಮೇ ತಿಂಗಳೇ ಸರಿಯಾದ ಹೊತ್ತು.