ಒಂದು ಆಟದ ಬಯಲು, ಒಂದು ಸ್ಥಳಪುರಾಣ

ಸ್ಥಳಪುರಾಣವಿಲ್ಲದ ಊರು ನಮ್ಮಲ್ಲಿ ವಿರಳ. ಪಾಂಡವರು ತಂಗಿದ ಗುಹೆ, ಸೀತೆ ಮಿಂದ ಕೊಳ ಯಾವ ಸೀಮೆಯಲ್ಲಿಲ್ಲ? ಆದರೆ ಅಮೆರಿಕೆಯಂತಹ ಹೊಸ ನಾಡಿನಲ್ಲಿ, ಅದೂ ಒಂದು ಚೆಂಡಾಟಕ್ಕಾಗಿ, ಸಮಿತಿಯೊಂದು ಕುಳಿತು ಸ್ಥಳಪುರಾಣವನ್ನು ಸ್ಥಾಪಿಸಿತೆಂದರೆ ಓದುಗರಿಗೆ ಸೋಜಿಗವಾದೀತು. ಆ ಪುರಾಣದ ಕ್ಷೇತ್ರ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್.

ಒಟ್ಸಿಗೊ ಸರೋವರದ ದಕ್ಷಿಣ ತುದಿಯಲ್ಲಿ, ಸಸ್ಕ್ವೆಹಾನಾ ನದಿ ಹೊರಡುವೆಡೆಯಲ್ಲಿ ಈ ಪುಟ್ಟ ಊರು ನೆಲಸಿದೆ. ಜನಸಂಖ್ಯೆ ಎರಡು ಸಾವಿರವನ್ನೂ ಮುಟ್ಟದು. ಮುಖ್ಯ ಬೀದಿಯಿಂದ ತುಸು ಒಳಕ್ಕೆ ನಡೆದರೆ, ಹುಲ್ಲಿನ ಟೋಪಿ ಧರಿಸಿ ದಾಂಡು ಹಿಡಿದು ನಿಂತ ಹಳ್ಳಿಯ ಹುಡುಗನ ಕಂಚಿನ ಪ್ರತಿಮೆ ಎದುರಾಗುತ್ತದೆ. ಅದರಾಚೆಗೆ ಡಬಲ್‌ಡೇ ಮೈದಾನ. ಒಂದು ಕಾಲಕ್ಕೆ ಫಿನ್ನಿ ಎಂಬಾತನ ಹುಲ್ಲುಗಾವಲಾಗಿದ್ದ ನೆಲವಿದು. ಈಗ ಊರಿನ ಸ್ವತ್ತು.

1839ರಲ್ಲಿ ಆಬ್ನರ್ ಡಬಲ್‌ಡೇ ಎಂಬ ತರುಣನು ಈ ಊರಿನಲ್ಲಿ ಬೇಸ್‌ಬಾಲ್ ಆಟವನ್ನು ಕಂಡುಹಿಡಿದನೆಂಬುದು ಪುರಾಣ. ಚೆಂಡನ್ನು ಹೊಡೆದು, ಮೂರು ನೆಲೆಗಳನ್ನು ಮುಟ್ಟಿ, ಹೊರಟಲ್ಲಿಗೇ ಮರಳಿದರೆ ಒಂದು ಓಟವೆಂದು ಎಣಿಸುವ ಆಟವದು. ಅದರ ಮೂಲ ಇಂಗ್ಲೆಂಡಿನ ರೌಂಡರ್ಸ್ ಎಂಬ ಆಟವೆಂದು ಪತ್ರಕರ್ತ ಹೆನ್ರಿ ಚಾಡ್ವಿಕ್ ವಾದಿಸುತ್ತಿದ್ದರು. ಕ್ರೀಡಾ ಸಾಮಗ್ರಿಗಳ ವ್ಯಾಪಾರಿ ಆಲ್ಬರ್ಟ್ ಸ್ಪಾಲ್ಡಿಂಗ್‌ಗೆ ಇದು ಸಹನೆಯಾಗಲಿಲ್ಲ. ಅವರ ಪ್ರೇರಣೆಯಿಂದ 1905ರಲ್ಲಿ ಮಿಲ್ಸ್ ಅವರ ಅಧ್ಯಕ್ಷತೆಯ ಸಮಿತಿ ಹುಟ್ಟಿತು. ಆಬ್ನರ್ ಗ್ರೇವ್ಸ್ ಎಂಬ ವೃದ್ಧ ಗಣಿ ಎಂಜಿನಿಯರ್ ಬರೆದ ಪತ್ರವೇ ಸಮಿತಿಗೆ ದೊರೆತ ಪ್ರಮುಖ ಸಾಕ್ಷ್ಯ. ಆ ಘಟನೆಯ ಕಾಲಕ್ಕೆ ಸಾಕ್ಷಿಯ ವಯಸ್ಸು ಸುಮಾರು ಐದು!

ಆ ವರ್ಷ ಡಬಲ್‌ಡೇ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ವಿದ್ಯಾರ್ಥಿ. ಮುಂದೆ ಅಂತರ್ಯುದ್ಧದಲ್ಲಿ ಸೇನಾನಿಯಾಗಿ ಹೆಸರು ಗಳಿಸಿ 1893ರಲ್ಲಿ ತೀರಿಕೊಂಡ ಆತ, ಈ ಆಟವನ್ನು ತಾನು ಕಂಡುಹಿಡಿದೆನೆಂದು ಎಲ್ಲಿಯೂ ಹೇಳಿಕೊಂಡವನಲ್ಲ. ಬೇಸ್‌ಬಾಲ್ ಎಂಬ ಹೆಸರಾದರೋ 1744ರಲ್ಲಿಯೇ ಲಂಡನ್ನಿನ ಮಕ್ಕಳ ಪುಸ್ತಕವೊಂದರಲ್ಲಿ ಅಚ್ಚಾಗಿತ್ತು. ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್ ಊರಿನವರು 1791ರಲ್ಲಿ ಸಭಾಮಂದಿರದ ಕಿಟಕಿಗಳು ಒಡೆಯದಿರಲೆಂದು ಅದರ ಸಮೀಪ ಈ ಆಟವನ್ನು ನಿಷೇಧಿಸಿದ್ದರು. ನಮ್ಮ ಚಿನ್ನಿದಾಂಡನ್ನು ಕಂಡುಹಿಡಿದವರಾರೆಂದು ಸಮಿತಿ ನೇಮಿಸಿದರೆ ಏನಾದೀತೋ ಅದೇ ಇಲ್ಲಿಯೂ ಆಯಿತು.

ಆದರೂ ಪುರಾಣ ಊರನ್ನು ಸಾಕಿತು. 1930ರ ದಶಕದಲ್ಲಿ ನೆರೆಹಳ್ಳಿಯೊಂದರ ಪೆಟ್ಟಿಗೆಯಲ್ಲಿ ಹೊಲಿಗೆ ಬಿಚ್ಚಿದ ಹಳೆಯ ಚೆಂಡೊಂದು ದೊರೆಯಿತು. ಸಿಂಗರ್ ಹೊಲಿಗೆಯಂತ್ರದ ಸಂಪತ್ತಿಗೆ ವಾರಸುದಾರರಾಗಿದ್ದ ಸ್ಟೀಫನ್ ಕ್ಲಾರ್ಕ್ ಅದನ್ನು ಐದು ಡಾಲರಿಗೆ ಕೊಂಡು ಪ್ರದರ್ಶನಕ್ಕಿಟ್ಟರು. ಅದರಿಂದಲೇ ಬೇಸ್‌ಬಾಲ್ ವಸ್ತುಸಂಗ್ರಹಾಲಯ ಬೆಳೆಯಿತು. 1939ರ ಜೂನ್ 12ರಂದು ಉದ್ಘಾಟನೆಯಾಯಿತು. ನಿರುದ್ಯೋಗಿಗಳಿಗೆ ಕೆಲಸ ಕೊಡುವ ಸರ್ಕಾರಿ ಯೋಜನೆಯಲ್ಲಿ ಮೈದಾನಕ್ಕೆ ಹೊಸ ಪ್ರೇಕ್ಷಕಾಂಗಣವೂ ಎದ್ದಿತು. ಅಂದು ನಡೆದ ಪ್ರದರ್ಶನ ಪಂದ್ಯದಲ್ಲಿ, ನಿವೃತ್ತರಾಗಿದ್ದ ಮಹಾ ಆಟಗಾರ ಬೇಬ್ ರೂತ್ ದಾಂಡು ಹಿಡಿದು ಬಂದರು. ಜನ ಕಾದಿದ್ದುದು ದೂರದ ಹೊಡೆತಕ್ಕೆ. ಚೆಂಡು ನೇರ ಮೇಲಕ್ಕೆ ಹಾರಿ ಅವರ ಬೆನ್ನ ಹಿಂದಿದ್ದವನ ಕೈ ಸೇರಿತು.

ಇಂದು ಯಾವ ಇತಿಹಾಸಕಾರರೂ ಡಬಲ್‌ಡೇ ಕಥೆಯನ್ನು ಒಪ್ಪುವುದಿಲ್ಲ. ಹೆಸರನ್ನು ಬದಲಿಸಬೇಕೆ? ಬೇಡವೆಂದೇ ನಮ್ಮ ಅಭಿಪ್ರಾಯ. ಮೊದಲ ಆಟ ಇಲ್ಲಿ ನಡೆಯದಿದ್ದರೂ ಆಮೇಲೆ ನಡೆದ ಸಾವಿರಾರು ಆಟಗಳು ಸುಳ್ಳಲ್ಲ. ಆದರೆ ನೋಡಹೋದವರಿಗೆ ನಿಜವನ್ನು ಹೇಳಿಯೇ ಬಯಲನ್ನು ತೋರಿಸಬೇಕು.

ವೃತ್ತಿನಿರತ ದೊಡ್ಡ ತಂಡಗಳು 1940ರಿಂದ ವರ್ಷಕ್ಕೊಮ್ಮೆ ಇಲ್ಲಿಗೆ ಬಂದು ಆಡುವ ವಾಡಿಕೆಯಿತ್ತು. 2008ಕ್ಕೆ ಅದು ನಿಂತಿತು. ಆ ಕೊನೆಯ ಪಂದ್ಯವನ್ನೂ ಮಳೆ ನುಂಗಿತು. ಬಯಲು ಮಾತ್ರ ಬರಿದಾಗಿಲ್ಲ. ಬೇಸಿಗೆಯುದ್ದಕ್ಕೂ ಹವ್ಯಾಸಿ ತಂಡಗಳು, ಶಾಲೆಯ ಹುಡುಗರು, ತಲೆ ನರೆತ ಹಿರಿಯರು ಊರೂರುಗಳಿಂದ ಬಂದು ಇಲ್ಲಿ ಆಡುತ್ತಾರೆ. ಎಡಬದಿಯ ಗಡಿಬೇಲಿ ಮುನ್ನೂರು ಅಡಿಗಿಂತಲೂ ಹತ್ತಿರವಿರುವುದರಿಂದ, ಸಾಮಾನ್ಯ ಆಟಗಾರನಿಗೂ ಒಮ್ಮೆ ಚೆಂಡನ್ನು ಅದರಾಚೆಗೆ ಹಾರಿಸುವ ಭಾಗ್ಯ ಒದಗಬಹುದು.