ನೆಲ್ಲಿಕಾಯಿಯ ಹಿಂದಿನ ಕಥೆ

ಕಳೆದ ಉತ್ಥಾನದ್ವಾದಶಿಯಂದು ತುಳಸಿಯ ಕಟ್ಟೆಯಲ್ಲಿ ನೆಲ್ಲಿಯ ಕೊಂಬೆಯನ್ನು ನೆಡುತ್ತಿದ್ದಾಗ, ಹಬ್ಬಕ್ಕೆಂದು ಬಂದಿದ್ದ ನಮ್ಮ ಅಣ್ಣನ ಮಗಳು, “ಅತ್ತೆ, ಕಾಡಿನಿಂದ ನೆಲ್ಲಿಯನ್ನು ತರಲು ಯಾರಿಗೆ ಹಕ್ಕಿದೆಯೆಂದು ಬಲ್ಲಿರಾ?” ಎಂದು ಕೇಳಿದಳು. ಪೇಟೆಯಲ್ಲಿ ಹಣ ಕೊಟ್ಟವರಿಗೆಲ್ಲ ಹಕ್ಕಿದೆಯೆಂದು ನಾನು ನಕ್ಕೆನು. ಅವಳು ನಗಲಿಲ್ಲ. ಡಾಕ್ಟರೇಟ್ ಪದವಿಗಾಗಿ ಅವಳು ಬಿಳಿಗಿರಿರಂಗನ ಬೆಟ್ಟದ ವಿಷಯವಾಗಿ ಮೂರು ವರ್ಷಗಳಿಂದ ಅಭ್ಯಾಸ ಮಾಡುತ್ತಿರುವಳು. ಹುಲಿ, ಆನೆ, ಮರಗಿಡಗಳ ಲೆಕ್ಕವಿರಬಹುದೆಂದು ಮನೆಯವರೆಲ್ಲರೂ ತಿಳಿದಿದ್ದೆವು. ಅವಳ ವಿಷಯ ಬೇರೆಯೇ ಆಗಿತ್ತು. ಕಾಡನ್ನು ಕಾಪಾಡುವುದೆಂದರೇನೆಂದು ನಿರ್ಣಯಿಸುವವರು ಯಾರು, ಆ ನಿರ್ಣಯದ ಭಾರವನ್ನು ಹೊರುವವರು ಯಾರು ಎಂಬುದು.

ವಾಚಕ ಸೋದರಿಯರಲ್ಲಿ ಅನೇಕರು ಆ ಬೆಟ್ಟಕ್ಕೆ ಹೋಗಿ ರಂಗನಾಥನ ದರ್ಶನವನ್ನು ಮಾಡಿಬಂದಿರಬಹುದು. ಅಲ್ಲಿಯ ಸೋಲಿಗರು ಆ ದೇವರನ್ನು ಭಾವನೆಂದು ಕರೆಯುವರು. ತಮ್ಮ ಕುಲದ ಕುಸುಮಾಲೆಯನ್ನು ಆತನು ಮದುವೆಯಾದನೆಂಬುದು ಅವರ ಕಥೆ. ದೊಡ್ಡ ಸಂಪಿಗೆಯ ಮರವೂ ಅವರಿಗೆ ದೇವರೇ, ಹುಲಿವೀರಪ್ಪನೂ ದೇವರೇ. ಒಂದೊಂದು ಕುಲಕ್ಕೂ ಕಾಡಿನಲ್ಲಿ ಅದರದೇ ಆದ ಎಲ್ಲೆಯುಂಟು. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಪೂರ್ವಿಕರ ಕಲ್ಲುಗುಡಿ, ನೀರಿನ ಅಬ್ಬಿ. ಸೋಲಿಗರೂ ಸಂಶೋಧಕರೂ ಕೂಡಿ ನಡೆದು ಇಂತಹ ನಾನೂರಕ್ಕೂ ಮಿಕ್ಕ ಸ್ಥಳಗಳನ್ನು ನಕ್ಷೆಯಲ್ಲಿ ಗುರುತಿಸಿರುವರು. ಅದಕ್ಕೆ ಮೊದಲು ಸರ್ಕಾರದ ನಕ್ಷೆಯಲ್ಲಿ ಅವು ಬರಿಯ ಕಾಡು. ನಕ್ಷೆಯನ್ನು ಬರೆಯುವವನ ಕೈಯಲ್ಲಿ ಎಷ್ಟು ಬಲವಿದೆಯೆಂಬುದು ನನಗೆ ಅದುವರೆಗೆ ಹೊಳೆದಿರಲಿಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾನೂನು ಬಂದಿತು. 1974ರಲ್ಲಿ ಬೆಟ್ಟವು ಅಭಯಾರಣ್ಯವಾಯಿತು. ಬೇಟೆ ನಿಂತಿತು, ಕಡಿದು ಸುಟ್ಟು ಬಿತ್ತುವ ಬೇಸಾಯ ನಿಂತಿತು, ಚದುರಿದ್ದ ಜನರು ಪೋಡುಗಳಲ್ಲಿ ನೆಲೆಸಬೇಕಾಯಿತು. ಕಾನೂನಿನ ಉದ್ದೇಶವು ಕೆಟ್ಟದೆಂದು ಯಾರೂ ಹೇಳರು. ಆಗ ದೇಶದಲ್ಲಿ ಹುಲಿಗಳು ಕ್ಷೀಣಿಸುತ್ತಿದ್ದುವು. ಅರಣ್ಯಾಧಿಕಾರಿಗಳಿಗೆ ಬೇರೆ ದಾರಿ ತೋರಿರಲಿಕ್ಕಿಲ್ಲ. ಆದರೆ ನಿಂತ ಪದ್ಧತಿಗಳಲ್ಲಿ ಒಂದರ ವಿಚಾರವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು.

ಸೋಲಿಗರು ಬೇಸಿಗೆಯ ಮೊದಲಲ್ಲಿಯೇ, ನೆಲವು ಪೂರಾ ಒಣಗುವುದಕ್ಕೆ ಮುಂಚೆ, ಉದುರಿದ ತರಗಿಗೆ ಸಣ್ಣ ಬೆಂಕಿಯನ್ನು ಇಡುತ್ತಿದ್ದರು. ಇದಕ್ಕೆ ತರಗುಬೆಂಕಿಯೆಂದು ಹೆಸರು. ಅದು ಮೊಣಕಾಲೆತ್ತರಕ್ಕೆ ಏಳದೆ ತರಗನ್ನು ಸುಟ್ಟು ಆರಿಹೋಗುವುದು. ದೊಡ್ಡ ಮರಗಳಿಗೆ ಅಪಾಯವಿಲ್ಲ. ಅಭಯಾರಣ್ಯವಾದ ಮೇಲೆ ಬೆಂಕಿಯೆಂದರೆಲ್ಲ ಅಪರಾಧವಾಯಿತು. ಮುಂದೆ ಲಂಟಾನವು ಕಾಡನ್ನು ತುಂಬಿತು. ಅಲಂಕಾರಕ್ಕೆಂದು ಪರದೇಶದಿಂದ ಕಲ್ಕತ್ತೆಗೆ ತಂದ ಗಿಡವದು; ನಮ್ಮಲ್ಲಿ ಬೇಲಿಗಳ ಮೇಲೆಲ್ಲ ಕಾಣುವುದು. ಬೆಟ್ಟದ 134 ಕಡೆ ನೆಲವನ್ನು ಅಳೆದು ನೋಡಿದವರಿಗೆ 1997ರಲ್ಲಿ ನೂರಕ್ಕೆ 41 ಕಡೆ ಲಂಟಾನ ಕಂಡಿತ್ತು. 2008ರಲ್ಲಿ ಅದು ನೂರಕ್ಕೆ 81 ಕಡೆ ಕಂಡಿತು. ತರಗುಬೆಂಕಿ ನಿಂತುದೇ ಇದಕ್ಕೆ ಕಾರಣವೆಂದು ಸೋಲಿಗರು ಹೇಳುತ್ತ ಬಂದಿರುವರು. ನೆಲ್ಲಿಯ ಮರಗಳ ಮೇಲೆ ಬಂದಣಿಕೆಯು—ಅವರ ಮಾತಿನಲ್ಲಿ ಉಪ್ಪಿಲು—ಹೆಚ್ಚಿ ಮರಗಳು ಸೊರಗುತ್ತಿರುವುದೂ ಅದರಿಂದಲೇ ಎನ್ನುವರು. ಬೆಂಕಿಯು ಲಂಟಾನವನ್ನು ಬೆಳೆಸುವುದೆಂದು ವಾದಿಸಿದ ಪಂಡಿತರೂ ಇದ್ದರು. ಬಳಿಕ ಸೋಲಿಗರ ಮಾತನ್ನು ಕಿವಿಗೊಟ್ಟು ಕೇಳಿ ಅದನ್ನು ಪ್ರಬಂಧಗಳಲ್ಲಿ ಬರೆದವರೂ ಬಂದರು. ಎಲ್ಲ ಬೆಂಕಿಯೂ ಒಂದೇ ಬಗೆಯದಲ್ಲವೆಂಬುದು ಒಲೆಯ ಮುಂದೆ ಕುಳಿತ ಯಾವ ಹೆಂಗಸಿಗೂ ಗೊತ್ತಿರುವ ಸಂಗತಿ. ಅದು ಕಡತವನ್ನು ಹತ್ತುವುದಕ್ಕೆ ಇಷ್ಟು ಕಾಲ ಹಿಡಿಯಿತು.

2006ರಲ್ಲಿ ನೆಲ್ಲಿ, ಜೇನು, ಪಾಚಿಗಳನ್ನು ತಂದು ಮಾರುವುದಕ್ಕೂ ತಡೆಯಾಯಿತು. ಆ ಜನರಿಗೆ ಕೈಗೆ ಬರುತ್ತಿದ್ದ ಹಣದಲ್ಲಿ ದೊಡ್ಡ ಪಾಲು ಅದೇ ಆಗಿತ್ತು. ಕಾಡಿನ ಅಂಚಿನ ಜನ ಕಾಫಿತೋಟಗಳಿಗೆ ಕೂಲಿಗೆ ಹೋಗಲಾರಂಭಿಸಿದರು. ಸೋಜಿಗವೆಂದರೆ, ಅದೇ ವರ್ಷ ದೆಹಲಿಯ ಪಾರ್ಲಿಮೆಂಟು ಅರಣ್ಯಹಕ್ಕುಗಳ ಕಾಯಿದೆಯನ್ನು ಅಂಗೀಕರಿಸಿತು. ಒಂದು ಕೈ ಕಿತ್ತುಕೊಳ್ಳುತ್ತಿರುವಾಗ ಇನ್ನೊಂದು ಕೈ ಕೊಡಲು ಸಿದ್ಧವಾಗಿತ್ತು. ಎರಡು ಕೈಗಳೂ ಒಂದೇ ಮೈಯವು. 2011ರ ಮೊದಲಲ್ಲಿ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾಗಿ, ಎಬ್ಬಿಸಿಬಿಡುವರೆಂಬ ಭಯವು ಪೋಡುಗಳಲ್ಲಿ ಹರಡಿತು. ಸೋಲಿಗರು ಸಂಘ ಕಟ್ಟಿ, ಅರ್ಜಿ ಬರೆದು, ಗ್ರಾಮಸಭೆಗಳನ್ನು ಕೂಡಿಸಿ ಹೋರಾಡಿದರು. ಅದೇ ವರ್ಷ ಗಾಂಧೀಜಯಂತಿಯ ದಿನ 25 ಗ್ರಾಮಸಭೆಗಳಿಗೆ ಕಾಡಿನ ಸಾಮುದಾಯಿಕ ಹಕ್ಕುಪತ್ರಗಳು ದೊರೆತುವು. ಫಲಗಳನ್ನು ತರುವ, ಮಾರುವ, ದನ ಮೇಯಿಸುವ ಹಕ್ಕುಗಳು ಅವುಗಳಲ್ಲಿ ಸೇರಿದ್ದುವು. ಹುಲಿಗಾಗಿ ಮೀಸಲಾದ ಕಾಡಿನೊಳಗೆ ಇಂತಹ ಹಕ್ಕು ದೊರೆತುದು ದೇಶದಲ್ಲಿ ಅದೇ ಮೊದಲೆಂದು ಹೇಳುವರು.

ಹುಲಿಗಳ ಗತಿ ಏನಾಯಿತೆಂದು ಕೇಳದಿದ್ದರೆ ನಾನು ಪಕ್ಷಪಾತಿಯಾದೇನು. 2010ರ ಎಣಿಕೆಯಲ್ಲಿ 35 ಇದ್ದುವು 2014ರ ಎಣಿಕೆಯಲ್ಲಿ 68 ಆದುವೆಂದು ಪ್ರಕಟವಾಗಿದೆ. ಜನರಿದ್ದುದರಿಂದಲೇ ಹುಲಿ ಹೆಚ್ಚಿತೆಂದು ಇದರಿಂದ ಸಾಧಿಸಲಾಗದು. ಜನರಿದ್ದರೆ ಹುಲಿ ಬಾಳದೆಂಬ ಮಾತಂತೂ ಆ ಬೆಟ್ಟದಲ್ಲಿ ನಿಲ್ಲುವುದಿಲ್ಲ. ಇಷ್ಟಾದರೂ ಹಕ್ಕುಪತ್ರ ಕೈಗೆ ಬಂದೊಡನೆ ಅಧಿಕಾರವೂ ಬಂದಂತಾಗಲಿಲ್ಲವಂತೆ. ಕಾಡಿನ ಗೇಟಿನ ಕೀಲಿಕೈ ಇರುವುದು ಬೇರೆಯವರ ಹತ್ತಿರ.

ಇದನ್ನೆಲ್ಲ ಕೇಳಿದ ಮೇಲೆ ನಾನು ಅವಳನ್ನು ಒಂದು ಮಾತು ಕೇಳಿದೆನು: “ನೀನು ಪುಸ್ತಕ ಬರೆದು ಡಾಕ್ಟರಾಗುವೆ, ನಿನಗೆ ಇದನ್ನೆಲ್ಲ ಹೇಳಿಕೊಟ್ಟವರಿಗೆ ಏನು ಬಂದಿತು?” ಅವಳು ಬಹಳ ಹೊತ್ತು ಮಾತಾಡಲಿಲ್ಲ. ಪೋಡಿನ ಹಿರಿಯರೊಬ್ಬರೂ ಹಾಗೆಯೇ ಕೇಳಿದ್ದರಂತೆ: “ನಮ್ಮನ್ನು ಕೇಳಿ ಬರೆದುಕೊಂಡು ಹೋದವರು ಬಹಳ ಮಂದಿ, ತಾಯಿ. ಏನು ಬರೆದರೆಂದು ಓದಿ ಹೇಳಿದವರಿಲ್ಲ.” ಆದುದರಿಂದ ಇಂಗ್ಲಿಷಿನಲ್ಲಿರುವ ತನ್ನ ಪ್ರಬಂಧದ ಎರಡು ಅಧ್ಯಾಯಗಳನ್ನು ಕನ್ನಡದಲ್ಲಿ ಬರೆದು, ಅಚ್ಚಿಗೆ ಹೋಗುವ ಮೊದಲು ಅವರೆದುರಿಗೆ ಓದಿ ತಿದ್ದಿಸಬೇಕೆಂದು ಅವಳ ಸಂಕಲ್ಪ. ಕನ್ನಡವನ್ನು ನೋಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತು.

ಸಂಕ್ರಾಂತಿಯವರೆಗೆ ದಿನವೂ ಮಧ್ಯಾಹ್ನ ಕುಳಿತು ತಿದ್ದಿದೆನು. ‘ತರಗುಬೆಂಕಿ’ ಎಂಬುದು ಹಳ್ಳಿಯ ಮಾತಿನಂತೆ ತೋರಿ, ಬಂದಲ್ಲೆಲ್ಲ ಹೊಡೆದುಹಾಕಿ ‘ಕಾಡ್ಗಿಚ್ಚು’ ಎಂದು ಅಂದವಾಗಿ ಬರೆದಿಟ್ಟೆನು. ಹಾಳೆಗಳನ್ನು ತಿರುವಿದ ಹುಡುಗಿ ನನ್ನ ಮುಖವನ್ನು ನೋಡಿ, “ಅತ್ತೆ, ನೀವೂ ಹೀಗೆ ಮಾಡಿದಿರಾ?” ಎಂದಳು. ಪುನಃ ಕನ್ನಡಕವನ್ನು ಹಾಕಿಕೊಂಡು ಹದಿನೇಳು ಕಡೆ ಹಳೆಯ ಮಾತನ್ನೇ ಬರೆದುಕೊಟ್ಟೆನು.